ನಿದ್ದೆ ಬಾರದ ರಾತ್ರಿಗೆ ಮಾತ್ರೆಯೇ ಮೊದಲ ಉತ್ತರವಲ್ಲ

ಅಮೆರಿಕಕ್ಕೆ ಬರಲು ಸಿದ್ಧರಾಗುತ್ತಿರುವ ಯುವಕ ಯುವತಿಯರು ನನ್ನಂಥ ಹಿರಿಯರನ್ನು ಕೇಳುವ ಪ್ರಶ್ನೆಗಳಿಗೆ ಒಂದು ಸಿದ್ಧ ಪಟ್ಟಿಯೇ ಇದೆ. ಸಂಬಳದಲ್ಲಿ ತೆರಿಗೆ ಎಷ್ಟು ಕಡಿತವಾಗುತ್ತದೆ, ಎರಡು ಕೋಣೆಯ ಮನೆಗೆ ಬಾಡಿಗೆ ಎಷ್ಟು, ಆರೋಗ್ಯ ವಿಮೆಯ ಗತಿಯೇನು, ಸೋನಾ ಮಸೂರಿ ಅಕ್ಕಿ ಸಿಗುತ್ತದೆಯೇ, ಮಕ್ಕಳಿಗೆ ಕನ್ನಡ ಕಲಿಸುವವರಿದ್ದಾರೆಯೇ. ಊರಿನಲ್ಲಿರುವ ತಂದೆ ತಾಯಿಯರ ಪಟ್ಟಿ ಇನ್ನೂ ಚಿಕ್ಕದು: ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆಯೇ, ಮೈಗೆ ಹುಷಾರಾಗಿದ್ದಾರೆಯೇ. ‘ಅಲ್ಲಿ ನಿದ್ದೆ ಹೇಗೆ?’ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ರೌಂಡ್ ರಾಕ್‌ನಲ್ಲಿ ನನ್ನ ಬಳಿ ಬರುವ ನಮ್ಮವರು ರಕ್ತದೊತ್ತಡ, ಸಕ್ಕರೆ, ಮಂಡಿನೋವುಗಳ ಮಾತೆಲ್ಲ ಮುಗಿದು, ಎದ್ದು ಹೊರಡುವ ಹೊತ್ತಿನಲ್ಲಿ ತಗ್ಗಿದ ದನಿಯಲ್ಲಿ ಹೇಳುವುದು ಅದನ್ನೇ: ‘ಡಾಕ್ಟ್ರೇ, ರಾತ್ರಿ ನಿದ್ದೆ ಬರ್ತಾ ಇಲ್ಲ. ಏನಾದ್ರೂ ಒಂದು ಮಾತ್ರೆ ಬರ್ಕೊಡಿ.’

ಆ ತಗ್ಗಿದ ದನಿಯೂ ಮಾತ್ರೆಯ ಬೇಡಿಕೆಯೂ ಈ ಬರಹಕ್ಕೆ ಕಾರಣ. ನಿದ್ದೆ ಬಾರದಿರುವುದನ್ನು ನಾವು ಒಂದು ದೌರ್ಬಲ್ಯವೆಂದು ಮುಚ್ಚಿಡುತ್ತೇವೆ, ಇಲ್ಲವೇ ದುಡಿಮೆಯ ಪದಕವೆಂದು ಮೆರೆಸುತ್ತೇವೆ. ಎರಡೂ ಸಲ್ಲದು. ದೀರ್ಘಕಾಲದ ನಿದ್ರಾಹೀನತೆ ಒಂದು ಕಾಯಿಲೆ. ಅದಕ್ಕೆ ಕಾರಣಗಳಿವೆ, ಪರಿಣಾಮಕಾರಿಯಾದ ಚಿಕಿತ್ಸೆಯಿದೆ. ಆ ಚಿಕಿತ್ಸೆಯಲ್ಲಿ ಮಾತ್ರೆಯ ಸ್ಥಾನ ಮೊದಲನೆಯದಲ್ಲ.

ಎರಡು ಗಡಿಯಾರಗಳ ನಡುವೆ

ರೌಂಡ್ ರಾಕ್, ಆಸ್ಟಿನ್ ನಗರದ ಉತ್ತರಕ್ಕೆ ಅಂಟಿಕೊಂಡಿರುವ ಊರು. ಡೆಲ್ ಕಂಪನಿಯ ಕೇಂದ್ರ ಕಚೇರಿಯಿಂದಾಗಿ ಹೆಸರಾದದ್ದು. ಆಸ್ಟಿನ್, ಡಾಲಸ್, ಹ್ಯೂಸ್ಟನ್ ಮೂರೂ ಕಡೆ ಕನ್ನಡಿಗರು ಒಳ್ಳೆಯ ಸಂಖ್ಯೆಯಲ್ಲಿದ್ದಾರೆ. ಆಸ್ಟಿನ್ ಕನ್ನಡ ಸಂಘ, ಡಾಲಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ ಕನ್ನಡ ವೃಂದಗಳ ಯುಗಾದಿ, ರಾಜ್ಯೋತ್ಸವಗಳಿಗೆ ಸಭಾಂಗಣ ತುಂಬುತ್ತದೆ. ನೆರೆದವರಲ್ಲಿ ಎಷ್ಟೋ ಮಂದಿಯ ಬದುಕು ಎರಡು ಗಡಿಯಾರಗಳ ನಡುವೆ ಹಂಚಿಹೋಗಿದೆ. ಟೆಕ್ಸಾಸ್‌ನ ಈ ಭಾಗಕ್ಕೂ ಭಾರತಕ್ಕೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಅಂತರ. ಬೆಂಗಳೂರಿನ ಕಚೇರಿ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುವಾಗ ಇಲ್ಲಿ ಬೇಸಿಗೆಯ ರಾತ್ರಿ ಹನ್ನೊಂದು. ಅಲ್ಲಿಯ ತಂಡದೊಡನೆ ಒಂದು ಗಂಟೆ ಮಾತನಾಡಿ ಪರದೆ ಮುಚ್ಚಿದವನ ಮಿದುಳು ಇನ್ನೊಂದು ಗಂಟೆಯಾದರೂ ಸಭೆಯಲ್ಲೇ ಕುಳಿತಿರುತ್ತದೆ. ಬೆಳಿಗ್ಗೆ ಆರೂವರೆಗೆ ಮಕ್ಕಳನ್ನು ಎಬ್ಬಿಸಬೇಕು. ಆಮೇಲೆ ಇಂಟರ್‌ಸ್ಟೇಟ್ 35ರ ವಾಹನ ದಟ್ಟಣೆಯಲ್ಲಿ ತಾನೇ ಕಾರು ಓಡಿಸಬೇಕು. ಇಲ್ಲಿ ಬಸ್ಸಿನ ಸೀಟಿನಲ್ಲಿ ತೂಕಡಿಸುವ ಸೌಕರ್ಯ ಹೆಚ್ಚಿನವರಿಗಿಲ್ಲ. ತೂಕಡಿಕೆಯೆಂದರೆ ಸ್ಟೀರಿಂಗ್ ಹಿಡಿದೇ ತೂಕಡಿಸುವುದು.

ಗಡಿಯಾರದ ಜೊತೆಗೆ ಕ್ಯಾಲೆಂಡರ್ ಕೂಡ ನಿದ್ದೆಗೆಡಿಸುತ್ತದೆ. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಮುಂದಿನ ದಾರಿ ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಯಾವುದೇ ಒಂದು ದೇಶಕ್ಕೆ ಶೇ 7ರ ಮಿತಿಯಿರುವುದರಿಂದ ಭಾರತೀಯರ ಸರದಿ ವರ್ಷಗಟ್ಟಲೆ ಸಾಗುತ್ತದೆ. ಊರಿನಲ್ಲಿ ವಯಸ್ಸಾದ ತಂದೆ ತಾಯಿ. ರಾತ್ರಿ ಒಂದೂವರೆಗೆ ಫೋನ್ ಗುನುಗಿದರೆ ಎದೆ ಧಸಕ್ಕೆನ್ನುತ್ತದೆ. ಎದ್ದು ನೋಡಿದರೆ ಅದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿಕ್ಕಪ್ಪ ಹಾಕಿದ ಹಬ್ಬದ ಶುಭಾಶಯ. ಅಲ್ಲಿ ಆಗ ನಡುಮಧ್ಯಾಹ್ನ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದರು ನಮ್ಮ ಹಿರಿಯರು. ಇಲ್ಲಿ ಸಂತೆಯಿಲ್ಲ. ನಿಶ್ಶಬ್ದ ಬೀದಿ, ಮೆತ್ತನೆಯ ಹಾಸಿಗೆ, ತಂಪು ಕೋಣೆ ಎಲ್ಲವೂ ಇವೆ. ಇಲ್ಲದ್ದು ನಿದ್ದೆಯೊಂದೇ.

ಸೌದೆ, ಕಿಡಿ, ಊದುಗೊಳವೆ

ಒಂದೆರಡು ರಾತ್ರಿ ನಿದ್ದೆ ಬಾರದಿರುವುದು ಕಾಯಿಲೆಯಲ್ಲ. ಮಲಗಲು ಸಾಕಷ್ಟು ಅವಕಾಶವಿದ್ದೂ ನಿದ್ದೆ ಹತ್ತದಿರುವುದು, ನಡುವೆ ಎಚ್ಚರವಾಗಿ ಮತ್ತೆ ಬಾರದಿರುವುದು ಅಥವಾ ಬೇಗ ಎಚ್ಚರವಾಗುವುದು ವಾರಕ್ಕೆ ಮೂರು ರಾತ್ರಿಯಾದರೂ ಇದ್ದು, ಮೂರು ತಿಂಗಳು ಮುಂದುವರಿದು, ಹಗಲಿನ ಕೆಲಸ ಕೆಡಿಸಿದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತೇವೆ. ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇದೆ. ‘ಅವಕಾಶವಿದ್ದೂ’ ಎಂಬ ಮಾತನ್ನು ಗಮನಿಸಬೇಕು. ರಾತ್ರಿ ಒಂದು ಗಂಟೆಯವರೆಗೆ ಕೆಲಸ ಮಾಡಿ ಆರಕ್ಕೆ ಏಳುವವರಿಗೆ ಇರುವುದು ನಿದ್ರಾಹೀನತೆಯಲ್ಲ, ನಿದ್ರೆಯ ಸಾಲ. ಅವರಿಗೆ ಬೇಕಾದದ್ದು ಔಷಧವಲ್ಲ, ಸಮಯ. ವಯಸ್ಕರಿಗೆ ಏಳು ಗಂಟೆ ಅಥವಾ ಅದಕ್ಕಿಂತ ಹೆಚ್ಚು ನಿದ್ದೆ ಬೇಕೆಂಬುದು ನಿದ್ರಾತಜ್ಞರ ಒಮ್ಮತ.

ಕಾಯಿಲೆ ಬೇರೂರುವ ಬಗೆಯನ್ನು ಮನೋವಿಜ್ಞಾನಿ ಆರ್ಥರ್ ಸ್ಪೀಲ್ಮನ್ 1987ರಲ್ಲಿ ಸೊಗಸಾಗಿ ವಿವರಿಸಿದರು. ಅದನ್ನು ನಮ್ಮ ಅಡುಗೆಮನೆಯ ಒಲೆಗೆ ಹೋಲಿಸಿ ನಾನು ರೋಗಿಗಳಿಗೆ ಹೇಳುತ್ತೇನೆ. ಮೊದಲನೆಯದು ಒಣ ಸೌದೆ: ಹುಟ್ಟಿನಿಂದ ಬಂದ ಆತಂಕದ ಸ್ವಭಾವ, ಹಗುರ ನಿದ್ದೆಯ ವಂಶ. ಎರಡನೆಯದು ಕಿಡಿ: ಕೆಲಸ ಹೋದದ್ದು, ಮಗು ಹುಟ್ಟಿದ್ದು, ಊರಿನಲ್ಲೊಂದು ಸಾವು. ಮೂರನೆಯದು ಊದುಗೊಳವೆ. ಇದನ್ನು ಹಿಡಿದಿರುವವರು ನಾವೇ. ರಾತ್ರಿ ಬಾರದ ನಿದ್ದೆಯನ್ನು ಹಿಡಿಯಲೆಂದು ಎಂಟೂವರೆಗೇ ಹಾಸಿಗೆ ಸೇರುವುದು, ಭಾನುವಾರ ಹತ್ತರವರೆಗೆ ಮಲಗುವುದು, ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಸಂಜೆ ಐದಕ್ಕೆ ಗಟ್ಟಿ ಕಾಫಿ ಕುಡಿಯುವುದು, ನಡುರಾತ್ರಿ ಗಂಟೆ ನೋಡಿ ‘ಇನ್ನು ಮೂರೇ ಗಂಟೆ ಉಳಿಯಿತು’ ಎಂದು ಲೆಕ್ಕ ಹಾಕುವುದು, ಹಾಸಿಗೆಯಲ್ಲೇ ಫೋನ್ ಉಜ್ಜುತ್ತ ಕೂರುವುದು. ಕಿಡಿ ಆರಿ ಆರು ತಿಂಗಳಾದರೂ ಒಲೆ ಉರಿಯುತ್ತಿರುವುದು ಈ ಊದುವಿಕೆಯಿಂದ. ಹೊಸ ಕೆಲಸ ಸಿಕ್ಕಿದರೂ ನಿದ್ದೆ ಮರಳದಿರುವುದಕ್ಕೆ ಕಾರಣ ಇದೇ.

ಇದರ ಹಿಂದಿನ ಶರೀರಕ್ರಿಯೆ ಸರಳ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತ ನಿದ್ದೆಯ ಹಸಿವನ್ನು ಹೆಚ್ಚಿಸುತ್ತದೆ. ಮಧ್ಯಾಹ್ನದ ಮಲಗುವಿಕೆ ಆ ಹಸಿವನ್ನು ಕೆಡಿಸುತ್ತದೆ. ಊಟಕ್ಕೆ ಮುಂಚೆ ಬೋಂಡ ತಿಂದಂತೆ. ಕೆಫೀನ್ ಆ ಹಸಿವು ಗೊತ್ತಾಗದಂತೆ ಮಾಡುತ್ತದೆ. ಸಂಜೆ ಐದಕ್ಕೆ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ರಕ್ತದಲ್ಲಿರುತ್ತದೆ. ಇನ್ನೊಂದು ಕಡೆ ಮಿದುಳಿನ ಒಳಗಡಿಯಾರ ಬೆಳಕನ್ನು ನೋಡಿ ಹಗಲು ರಾತ್ರಿಗಳನ್ನು ತೀರ್ಮಾನಿಸುತ್ತದೆ. ಈ ಗಡಿಯಾರದ ಅಣುಮಟ್ಟದ ಕೆಲಸವನ್ನು ಬಿಡಿಸಿ ತೋರಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಟೆಕ್ಸಾಸ್‌ನ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆಯ ಹೊತ್ತಿಗೆ. ಅದರ ಮೇಲೆ ನಾವು ಹನ್ನೊಂದರವರೆಗೆ ಪರದೆಯ ಬೆಳಕನ್ನೂ ಸೇರಿಸಿದರೆ ಗಡಿಯಾರ ಹಿಂದೆ ಬೀಳದೆ ಇನ್ನೇನು?

ಮೊದಲು ರೋಗಪತ್ತೆ

ನಿದ್ದೆ ಬರುವುದಿಲ್ಲ ಎಂದವರಿಗೆಲ್ಲ ಒಂದೇ ಕಾರಣವಿರುವುದಿಲ್ಲ. ಗೊರಕೆಯನ್ನು ಸುಖನಿದ್ದೆಯ ಗುರುತೆಂದು ನಗುವುದು ನಮ್ಮ ಮನೆಗಳ ವಾಡಿಕೆ. ಗೊರಕೆಯ ನಡುವೆ ಉಸಿರು ನಿಂತು, ಉಸಿರುಗಟ್ಟಿದಂತಾಗಿ ಎಚ್ಚರವಾಗುವುದು ನಿದ್ರಾ ಶ್ವಾಸಸ್ತಂಭನ. ಅದು ರಕ್ತದೊತ್ತಡವನ್ನು ಏರಿಸುತ್ತದೆ, ಹೃದಯಕ್ಕೆ ಹೊರೆಯಾಗುತ್ತದೆ. ರೋಗಿ ಹೇಳುವುದು ಮಾತ್ರ ‘ರಾತ್ರಿ ಪದೇಪದೇ ಎಚ್ಚರವಾಗುತ್ತದೆ’ ಎಂದಷ್ಟೇ. ಇದಕ್ಕೆ ಮನೆಯಲ್ಲೇ ಒಂದು ರಾತ್ರಿ ಮಾಡಬಹುದಾದ ಪರೀಕ್ಷೆಯಿದೆ, ಸಿಪ್ಯಾಪ್ ಯಂತ್ರದ ಚಿಕಿತ್ಸೆಯಿದೆ. ಇಂಥವರಿಗೆ ನಿದ್ರೆಮಾತ್ರೆ ಕೊಟ್ಟರೆ ಉಸಿರಾಟ ಇನ್ನಷ್ಟು ಕೆಡಬಹುದು.

ಮಲಗಿದೊಡನೆ ಕಾಲಿನೊಳಗೆ ಇರುವೆ ಹರಿದಂತಾಗಿ, ಅಲುಗಾಡಿಸದೆ ಇರಲಾಗದ ಇನ್ನೊಂದು ತೊಂದರೆಯಿದೆ. ಇದರ ಹಿಂದೆ ಬಹಳ ಸಲ ಕಬ್ಬಿಣಾಂಶದ ಕೊರತೆಯಿರುತ್ತದೆ. ನಮ್ಮ ಸಸ್ಯಾಹಾರಿ ಹೆಣ್ಣುಮಕ್ಕಳಲ್ಲಿ ಫೆರಿಟಿನ್ ಪರೀಕ್ಷೆ ಮಾಡಿಸದೆ ‘ಚಿಂತೆ ಜಾಸ್ತಿ’ ಎಂದು ಕಳಿಸುವುದು ತಪ್ಪು. ಥೈರಾಯ್ಡ್ ಹೆಚ್ಚಳ, ಋತುಬಂಧದ ಮೈಬಿಸಿ, ರಾತ್ರಿ ಎಬ್ಬಿಸುವ ಮಧುಮೇಹ ಮತ್ತು ಪ್ರಾಸ್ಟೇಟ್, ಸಂಜೆ ನುಂಗಿದ ಮೂತ್ರವರ್ಧಕ ಮಾತ್ರೆ, ಸ್ಟೀರಾಯ್ಡ್ ಎಲ್ಲವೂ ನಿದ್ದೆ ಕೆಡಿಸಬಲ್ಲವು. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ, ಮನಸ್ಸಿಗೆ ಯಾವುದೂ ಬೇಡವೆನ್ನಿಸಿದರೆ ಅದು ಖಿನ್ನತೆಯಿರಬಹುದು. ಖಿನ್ನತೆ ನಿದ್ದೆ ಕೆಡಿಸುತ್ತದೆ. ಕೆಟ್ಟ ನಿದ್ದೆ ಖಿನ್ನತೆಯನ್ನು ಕರೆತರುತ್ತದೆ. ಸಂಗಾತಿಯ ವೀಸಾದ ಮೇಲೆ ಬಂದು, ಓದಿದ್ದರೂ ಕೆಲಸಕ್ಕೆ ಅನುಮತಿಯಿಲ್ಲದೆ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳನ್ನು, ಹೊಸದಾಗಿ ತಾಯಿಯಾದವರನ್ನು ಈ ಬಗ್ಗೆ ನೇರವಾಗಿ, ಒಬ್ಬೊಬ್ಬರನ್ನೇ ಕೇಳಬೇಕು. ಗಂಡ, ಅತ್ತೆಯರ ಎದುರು ಅವರು ಹೇಳುವುದಿಲ್ಲ.

ಸೂಟ್‌ಕೇಸಿನ ಔಷಧಾಲಯ

ಇನ್ನು ಮಾತ್ರೆಯ ಮಾತು. ಊರಿನಿಂದ ಬರುವ ಸೂಟ್‌ಕೇಸಿನಲ್ಲಿ ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿಗಳ ನಡುವೆ ಅಲ್ಪ್ರಾಜೊಲಾಮ್ ಪಟ್ಟಿಗಳೂ ಬರುತ್ತವೆ. ‘ನಮ್ಮ ಡಾಕ್ಟ್ರು ಹತ್ತು ವರ್ಷದ ಹಿಂದೆ ಬರ್ದಿದ್ರು, ಅಂಗಡೀಲಿ ಕೊಡ್ತಾರೆ’ ಎಂಬುದು ನಾನು ಮತ್ತೆ ಮತ್ತೆ ಕೇಳುವ ಮಾತು. ಭಾರತದಲ್ಲಿ ಅಲ್ಪ್ರಾಜೊಲಾಮ್, ಡಯಾಜೆಪಾಮ್, ಜೋಲ್ಪಿಡೆಮ್‌ಗಳು ಎಚ್1 ಅನುಸೂಚಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಅಮೆರಿಕದಲ್ಲಿಯೂ ಇವು ನಿಯಂತ್ರಿತ ಔಷಧಗಳು. ಮಗನಿಗೆಂದು, ಸೊಸೆಗೆಂದು ತರುವ ಪದಾರ್ಥವೇ ಇದಲ್ಲ.

ಈ ವರ್ಗದ ಮಾತ್ರೆಗಳು ಮೊದಲ ವಾರ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಅಪಾಯವಿರುವುದೂ ಅಲ್ಲೇ. ದೇಹ ಒಗ್ಗಿಕೊಂಡಂತೆ ಪ್ರಮಾಣ ಏರಬೇಕಾಗುತ್ತದೆ, ಬಿಟ್ಟರೆ ಮೊದಲಿಗಿಂತ ಕೆಟ್ಟ ರಾತ್ರಿಗಳು ಬರುತ್ತವೆ. ಬೆಂಜೊಡಯಾಜೆಪಿನ್ ವರ್ಗದ ಎಲ್ಲ ಔಷಧಗಳಿಗೂ ಅವಲಂಬನೆ, ದುರ್ಬಳಕೆಗಳ ಕುರಿತ ಗಂಭೀರ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2020ರಲ್ಲಿ ಬಲಪಡಿಸಿತು. ಜೋಲ್ಪಿಡೆಮ್ ಮರುದಿನ ಬೆಳಿಗ್ಗೆಯೂ ದೇಹದಲ್ಲುಳಿದು ವಾಹನ ಚಾಲನೆಗೆ ಅಪಾಯ ತರುವುದೆಂದು 2013ರಲ್ಲಿ ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಲು ಅದೇ ಸಂಸ್ಥೆ ಹೇಳಿತು. ನಿದ್ದೆಯಲ್ಲೇ ನಡೆಯುವ, ಕಾರು ಓಡಿಸುವ ಪ್ರಕರಣಗಳ ಬಗ್ಗೆ 2019ರಲ್ಲಿ ಇನ್ನೂ ಕಟುವಾದ ಎಚ್ಚರಿಕೆ ಕೊಟ್ಟಿತು. ವಯಸ್ಸಾದವರಲ್ಲಿ ಇವುಗಳಿಂದ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿಯುವುದು, ಮರೆವು, ಗೊಂದಲ ಸಾಮಾನ್ಯ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಹೆಸರಿನ ಕೊನೆಯಲ್ಲಿ ‘ಪಿಎಂ’ ಎಂದಿರುವ ಮಾತ್ರೆಗಳೂ ಹಿರಿಯರಿಗೆ ಒಳ್ಳೆಯವಲ್ಲ. ಅವುಗಳಲ್ಲಿ ಸಾಮಾನ್ಯವಾಗಿರುವುದು ಡೈಫೆನ್‌ಹೈಡ್ರಮಿನ್. ಅದು ಬಾಯಿ ಒಣಗಿಸಿ, ಮೂತ್ರ ತಡೆದು, ಬುದ್ಧಿಯನ್ನು ಮಂಕಾಗಿಸುತ್ತದೆ.

ಮೆಲಟೋನಿನ್ ಇಲ್ಲಿ ಔಷಧವೆಂದಲ್ಲ, ಪೂರಕ ಆಹಾರವೆಂದು ಮಾರಾಟವಾಗುತ್ತದೆ. ಗಮ್ಮಿ ರೂಪದ 25 ಉತ್ಪನ್ನಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 22ರ ಪ್ರಮಾಣ ಡಬ್ಬಿಯ ಮೇಲಿದ್ದುದಕ್ಕೆ ಹೊಂದಲಿಲ್ಲ. ವಿಮಾನಯಾನದ ನಂತರ ಗಡಿಯಾರ ಹೊಂದಿಸಿಕೊಳ್ಳಲು ಅದರಿಂದ ಸ್ವಲ್ಪ ಸಹಾಯವಾಗಬಹುದು. ಬೇರೂರಿದ ನಿದ್ರಾಹೀನತೆಗೆ ಅದು ಪರಿಹಾರವಲ್ಲ.

ಮಾತ್ರೆಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಆಪ್ತರ ಸಾವಿನಂಥ ಆಘಾತದಲ್ಲಿ ಕೆಲವು ದಿನ, ವೈದ್ಯರ ನಿಗಾದಲ್ಲಿ ಅವು ಬೇಕಾಗಬಹುದು. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಡೆಯುವ ಹೊಸ ಔಷಧಗಳೂ 2014ರಿಂದೀಚೆಗೆ ಬಂದಿವೆ. ಈಗಾಗಲೇ ವರ್ಷಗಳಿಂದ ಅಲ್ಪ್ರಾಜೊಲಾಮ್ ತೆಗೆದುಕೊಳ್ಳುತ್ತಿರುವವರು ಈ ಬರಹ ಓದಿ ಇಂದೇ ನಿಲ್ಲಿಸಕೂಡದು. ತಟ್ಟನೆ ಬಿಟ್ಟರೆ ಅಪಸ್ಮಾರದಂಥ ಸೆಳೆತ ಬರಬಹುದು. ವೈದ್ಯರ ಸಲಹೆಯಂತೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಂತಹಂತವಾಗಿ ಇಳಿಸಬೇಕು.

ಕಲಿಯಬಹುದಾದ ಚಿಕಿತ್ಸೆ

ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಕೊಟ್ಟ ಮಾರ್ಗದರ್ಶನ ಸ್ಪಷ್ಟವಾಗಿದೆ: ದೀರ್ಘಕಾಲದ ನಿದ್ರಾಹೀನತೆಯಿರುವ ಎಲ್ಲ ವಯಸ್ಕರಿಗೂ ಮೊದಲ ಚಿಕಿತ್ಸೆ ಸಿಬಿಟಿ-ಐ, ಅಂದರೆ ನಿದ್ದೆಯ ಕುರಿತ ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆ. ಯುರೋಪಿನ ತಜ್ಞರದೂ ಇದೇ ಅಭಿಪ್ರಾಯ. ಆರರಿಂದ ಎಂಟು ವಾರಗಳಲ್ಲಿ ಮುಗಿಯುವ ಈ ಚಿಕಿತ್ಸೆಯ ತಿರುಳು ಇಷ್ಟು.

ಎರಡು ವಾರ ನಿದ್ದೆಯ ದಿನಚರಿ ಬರೆಯಬೇಕು. ಹಾಸಿಗೆಯಲ್ಲಿ ಒಂಬತ್ತು ಗಂಟೆ ಬಿದ್ದುಕೊಂಡು ಐದೂವರೆ ಗಂಟೆ ಮಾತ್ರ ನಿದ್ದೆ ಮಾಡುವವರಿಗೆ ಆರಂಭದಲ್ಲಿ ಹಾಸಿಗೆಯ ಸಮಯವನ್ನೇ ಐದೂವರೆ ಗಂಟೆಗೆ ಇಳಿಸಲಾಗುತ್ತದೆ. ಅದನ್ನು ಐದು ಗಂಟೆಗಿಂತ ಕೆಳಗಿಳಿಸುವುದಿಲ್ಲ. ಕೇಳಿದವರು ಹೌಹಾರುತ್ತಾರೆ. ಆದರೆ ಚೆದುರಿದ ನಿದ್ದೆ ಒಟ್ಟುಗೂಡುವುದು ಹೀಗೆಯೇ. ಹಾಸಿಗೆಯ ಸಮಯದಲ್ಲಿ ಶೇ 85ರಷ್ಟು ನಿದ್ದೆಯಾದ ಮೇಲೆ ವಾರಕ್ಕೆ ಹದಿನೈದು ನಿಮಿಷದಂತೆ ಹೆಚ್ಚಿಸುತ್ತ ಹೋಗುವುದು. ಅಪಸ್ಮಾರ, ಬೈಪೋಲಾರ್ ಕಾಯಿಲೆಯಿರುವವರು, ದಿನವೆಲ್ಲ ವಾಹನ ಓಡಿಸುವವರು ಇದನ್ನು ತಾವಾಗಿಯೇ ಮಾಡಬಾರದು.

ಎರಡನೆಯದು, ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ ಪದ್ಧತಿ: ತೂಕಡಿಕೆ ಬಂದಾಗಲಷ್ಟೇ ಹಾಸಿಗೆಗೆ ಹೋಗಿ. ಸುಮಾರು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ, ಮಂದ ಬೆಳಕಿನಲ್ಲಿ ಕುಳಿತು ಸಪ್ಪೆಯಾದದ್ದೇನನ್ನಾದರೂ ಓದಿ. ತೂಕಡಿಕೆ ಬಂದರೆ ಮರಳಿ. ಏಳುವ ಹೊತ್ತು ಭಾನುವಾರವೂ ಒಂದೇ ಇರಲಿ. ಹಾಸಿಗೆಯನ್ನು ಊಟದ ಮೇಜನ್ನಾಗಿ, ಕಚೇರಿಯನ್ನಾಗಿ, ಚಿತ್ರಮಂದಿರವನ್ನಾಗಿ ಮಾಡಬೇಡಿ. ಮೂರನೆಯದು, ಚಿಂತೆಗೆ ಸಂಜೆಯೇ ಹದಿನೈದು ನಿಮಿಷ ಮೀಸಲಿಟ್ಟು ಕಾಗದದ ಮೇಲೆ ಇಳಿಸಿ. ಗಡಿಯಾರವನ್ನು ಗೋಡೆಯ ಕಡೆಗೆ ತಿರುಗಿಸಿ.

ಫಲವೇನು? ಒಟ್ಟು 1,162 ಮಂದಿ ಭಾಗವಹಿಸಿದ್ದ 20 ಪ್ರಯೋಗಗಳನ್ನು ಕ್ರೋಡೀಕರಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ನಿದ್ದೆ ಹತ್ತಲು ಬೇಕಾಗುವ ಸಮಯ ಸರಾಸರಿ 19 ನಿಮಿಷ, ನಡುರಾತ್ರಿಯ ಎಚ್ಚರ 26 ನಿಮಿಷ ಕಡಿಮೆಯಾಯಿತು. ಕೇಳಲು ಅಲ್ಪವೆನಿಸಬಹುದು. ಆದರೆ ಪ್ರತಿ ರಾತ್ರಿ ಮುಕ್ಕಾಲು ಗಂಟೆ ಕತ್ತಲಲ್ಲಿ ಕಣ್ಣು ಬಿಟ್ಟು ಮಲಗಿದವರಿಗೆ ಅದರ ಬೆಲೆ ಗೊತ್ತು. ಚಿಕಿತ್ಸೆ ಮುಗಿದ ಮೇಲೂ ಫಲ ಉಳಿಯುತ್ತದೆ, ಕಲಿತ ಈಜಿನಂತೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ ರೂಪಿಸಿದ ‘ಸಿಬಿಟಿ-ಐ ಕೋಚ್’ ಎಂಬ ಆ್ಯಪ್ ಎಲ್ಲರಿಗೂ ಉಚಿತ. ಕರ್ನಾಟಕದಲ್ಲಿ ನಿಮ್ಹಾನ್ಸ್‌ನಲ್ಲಿ ನಿದ್ದೆಯ ತೊಂದರೆಗಳಿಗೆ ತಪಾಸಣೆ, ಚಿಕಿತ್ಸೆ ದೊರೆಯುತ್ತವೆ. ಮನಸ್ಸಿನ ಕುಗ್ಗು ಜೊತೆಗಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಭಾರತದೊಳಗಿಂದ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರಿಗೂ ಬರುವವರಿಗೂ

‘ಕೆಲಸವೇ ಹಾಗಿದೆ, ಏನು ಮಾಡುವುದು?’ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವೂ ಇದೆ. ವೀಸಾದ ಸರದಿಯನ್ನು ಯಾವ ವೈದ್ಯನೂ ಮೊಟಕುಗೊಳಿಸಲಾರ. ಆದರೆ ರಾತ್ರಿ ಹನ್ನೊಂದರ ಸಭೆ ಪ್ರಕೃತಿನಿಯಮವಲ್ಲ. ಇಲ್ಲಿಯ ಬೇಸಿಗೆಯ ಬೆಳಿಗ್ಗೆ ಏಳೂವರೆಯೆಂದರೆ ಬೆಂಗಳೂರಿನ ಸಂಜೆ ಆರು. ಎರಡೂ ಕಡೆಯವರು ಎಚ್ಚರವಾಗಿರುವ ಹೊತ್ತು ಅದು. ವಾರದಲ್ಲಿ ಎರಡು ಸಭೆಗಳನ್ನಾದರೂ ಅತ್ತ ಸರಿಸಲು ಕೇಳಬಹುದು. ಸರದಿಯಂತೆ ಒಮ್ಮೆ ಇವರು, ಒಮ್ಮೆ ಅವರು ತೊಂದರೆ ಹಂಚಿಕೊಳ್ಳಬಹುದು. ಬೆಂಗಳೂರಿನಲ್ಲಿ ನಮಗಾಗಿ ರಾತ್ರಿಪಾಳಿ ಮಾಡುವವರೂ ನಮ್ಮ ತಮ್ಮ ತಂಗಿಯರೇ. ರಾತ್ರಿಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಬಹುಶಃ ಕ್ಯಾನ್ಸರ್‌ಕಾರಕವೆಂದು 2007ರಲ್ಲಿ ವರ್ಗೀಕರಿಸಿ, 2019ರಲ್ಲಿ ಅದನ್ನೇ ಎತ್ತಿಹಿಡಿದಿದೆ.

ಊರಿನ ಬಂಧುಗಳಲ್ಲಿ ನನ್ನ ವಿನಂತಿ ಎರಡು. ಮಗ, ಮಗಳಿಗೆ ಕರೆ ಮಾಡಲು ನಿಮ್ಮ ಸಂಜೆ ಏಳರ ನಂತರದ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ನಿಜವಾದ ತುರ್ತಿಗೆ ಮಾತ್ರ ಒಂದು ಪ್ರತ್ಯೇಕ ಸಂಖ್ಯೆಯಿರಲಿ, ಉಳಿದ ಸಂದೇಶಗಳು ರಾತ್ರಿ ಸದ್ದು ಮಾಡದಿರಲಿ. ಇಲ್ಲಿಗೆ ಬಂದಾಗ ಮೊದಲ ವಾರ, ಹತ್ತು ದಿನ ನಿದ್ದೆ ಏರುಪೇರಾಗುವುದು ಸಹಜ. ದಾಟಿದ ಒಂದೊಂದು ಗಂಟೆಯ ಅಂತರಕ್ಕೆ ಸುಮಾರು ಒಂದು ದಿನ ಬೇಕು. ಹಗಲು ಪರದೆ ಎಳೆದು ಮಲಗದೆ ಬಿಸಿಲಿನಲ್ಲಿ ನಡೆದಾಡಿ, ಮಾತ್ರೆಗೆ ಅವಸರಪಡಬೇಡಿ. ವಯಸ್ಸಾದಂತೆ ನಿದ್ದೆ ಹಗುರವಾಗುತ್ತದೆ, ಬೇಗ ಬಂದು ಬೇಗ ಮುಗಿಯುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದವರಿಗೆ ಏಳು ಗಂಟೆ ನಿದ್ದೆಯಾಗಿದೆ. ಅದು ಕಾಯಿಲೆಯಲ್ಲ.

ಬರಲಿರುವ ಕಿರಿಯರಿಗೆ ಒಂದು ಮಾತು. ಆಯುರ್ವೇದದ ಚರಕ ಸಂಹಿತೆ ಬದುಕನ್ನು ಎತ್ತಿಹಿಡಿಯುವ ಮೂರು ಆಧಾರಗಳನ್ನು ಹೇಳುವಾಗ ಆಹಾರದ ಜೊತೆಯಲ್ಲೇ ನಿದ್ರೆಯನ್ನು ಇಟ್ಟಿದೆ. ಸೋನಾ ಮಸೂರಿ ಇಲ್ಲಿ ಸಿಗುತ್ತದೆ, ಆ ಚಿಂತೆ ಬೇಡ. ಕೆಲಸದ ಸಂದರ್ಶನದಲ್ಲಿ ಸಂಬಳ, ವಿಮೆ, ರಜೆಗಳ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಿಕೊಳ್ಳಿ: ವಾರದಲ್ಲಿ ಎಷ್ಟು ರಾತ್ರಿ, ಎಷ್ಟು ಹೊತ್ತಿನವರೆಗೆ ಸಭೆಗಳಿರುತ್ತವೆ? ಉತ್ತರ ಕೇಳಿದ ಮೇಲೆ ಲೆಕ್ಕ ನಿಮ್ಮದು. ಬಂದ ಮೇಲೆ ನಿದ್ದೆ ಕೆಟ್ಟರೆ ಮೂರು ತಿಂಗಳು ಕಾಯುತ್ತ ಕೂರಬೇಡಿ. ವೈದ್ಯರ ಬಳಿ ಹೋದಾಗ ಎದ್ದು ಹೊರಡುವ ಹೊತ್ತಿಗೆ ತಗ್ಗಿದ ದನಿಯಲ್ಲಿ ಹೇಳದೆ, ಕುಳಿತೊಡನೆ ಮೊದಲ ಮಾತಾಗಿ ಅದನ್ನೇ ಹೇಳಿ.